ಊದಿದರೂ ಹೋಗದ ಇರುವೆ

ಜೀವಂಧರ ಮೇಷ್ಟ್ರು ತಂತಿ ಫಾರಂ ತುಂಬಿಕೊಂಡು ಬಂದಾಗ ನಾನಿನ್ನೂ ಚನ್ನರಾಯಪಟ್ಟಣದ ಅಂಚೆ ಕಚೇರಿಯ ಬಾಗಿಲು ತೆಗೆಯುತ್ತಿದ್ದೆ. ೧೯೬೧ರ ಏಪ್ರಿಲ್, ಸೋಮವಾರ. ಸಿಂಹರಾಶಿಯ ಒಂದು ಗೆಲಾಕ್ಸಿಯ ಅಂಚಿನಲ್ಲಿ ಹೊಸ ಚುಕ್ಕಿ ಕಂಡಿದೆ, ಸಿಡಿದ ನಕ್ಷತ್ರವಿರಬಹುದು ಎಂದು ದೊಡ್ಡ ವೀಕ್ಷಣಾಲಯಕ್ಕೆ ಬರೆದಿದ್ದರು. ಕಂಡವರ ಹೆಸರಿನ ಜಾಗದಲ್ಲಿ ಮೇಷ್ಟ್ರ ಹೆಸರಿರಲಿಲ್ಲ. ಅವರ ಹೆಂಡತಿ ಅನಂತಮತಿಯ ಹೆಸರಿತ್ತು.

"ಅವಳಿಗೆ ಈಗ್ಲೇ ಹೇಳ್ಬೇಡ ಕಣಯ್ಯ," ಎಂದರು. "ಒಂಬತ್ತು ವರ್ಷದಿಂದ ನನ್ ಜೊತೆ ಮಾಳಿಗೆ ಮೇಲೆ ನಿಂತವ್ಳೆ. ಮೊದ್ಲು ನೋಡಿದ್ದೂ ಅವಳೇ. ಹೆಸರು ಅಚ್ಚಾಗ್ಲಿ, ಆಮೇಲೆ ತೋರಿಸ್ತೀನಿ."

ಮನಸ್ಸು ಕರಗಿತು, ಸುಳ್ಳು ಯಾಕೆ ಹೇಳಲಿ. ಆದರೆ ಅವಸರದವರನ್ನು ಕಂಡರೆ ನನಗಾಗುವುದಿಲ್ಲ. ಆಕಾಶ ನೋಡುವ ಹುಚ್ಚು ನಮ್ಮ ಮೂವರದೂ. ಮೇಷ್ಟ್ರು ಕನ್ನಡಿ ಉಜ್ಜಿ ತಾವೇ ದೂರದರ್ಶಕ ಮಾಡಿದ್ದರು. ಜೈನರ ಮನೆ, ಹೊತ್ತು ಮುಳುಗುವ ಮುಂಚೆ ಊಟ ಮುಗಿಯುತ್ತಿತ್ತು. ಸಂಜೆ ಪೂರ್ತಿ ಬಿಡುವು. ಹಾಸನದ ಕಾಲೇಜಿನಲ್ಲಿ ಪಾಠ ಹೇಳುವ ಅಪ್ಪಾಜಿಯವರ ಹತ್ತಿರ ಆಕಾಶದ ಫೋಟೋಗಳಿದ್ದವು. ಎಲ್ಲ ನೆಗೆಟಿವ್ ಥರದವು, ಆಕಾಶ ಬಿಳಿ, ನಕ್ಷತ್ರ ಕಪ್ಪು. ಹೋದ ವಾರ ಒಂದನ್ನು ಎರವಲು ತಂದಿದ್ದೆವು. ಅನಂತಮ್ಮನವರು ಅದರ ಮೇಲೆ ತೆಳು ಕಾಗದ ಹಾಸಿ ಮಸಿಯಲ್ಲಿ ಚುಕ್ಕಿ ಚುಕ್ಕಿಯಾಗಿ ನಕಲು ಮಾಡಿ ವಾಪಸು ಕಳಿಸಿದ್ದರು. ಆ ನಕಲಿನಲ್ಲಿ ಇಲ್ಲದ ಚುಕ್ಕಿಯೇ ಈಗ ಆಕಾಶದಲ್ಲಿ ಕಂಡದ್ದು.

"ಅಸಲು ಫೋಟೋ ನೋಡೋವರ್ಗೂ ತಡೀರಿ ಸಾ," ಎಂದೆ.

"ನನ್ ಹೆಂಡ್ತಿ ನಕಲು ತಪ್ಪು ಅಂತೀಯೇನಯ್ಯ?" ಮೇಷ್ಟ್ರ ಮೂಗು ಕೆಂಪಗಾಯಿತು.

"ತಪ್ಪಾಗಿದ್ರೆ ಊರೂರಲ್ಲಿ ನಗೋದು ಅವರ ಹೆಸರು ನೋಡೇ ಅಲ್ವಾ?"

ಮೇಷ್ಟ್ರು ಫಾರಂ ನನ್ನ ಕಡೆ ತಳ್ಳಿದರು. ನಾನು ಅದನ್ನು ಜೇಬಿಗಿಟ್ಟು ರಜಾ ಹಾಕಿದೆ. ಅನಂತಮ್ಮನವರನ್ನೂ ಹೊರಡಿಸಿಕೊಂಡು ನಕಲಿನ ಸಮೇತ ಹಾಸನದ ಬಸ್ಸು ಹತ್ತಿದೆವು.

ಅಪ್ಪಾಜಿ ಫೋಟೋವನ್ನು ಕಿಟಕಿಯ ಬೆಳಕಿಗಿಟ್ಟು ಭೂತಗನ್ನಡಿ ಕೊಟ್ಟರು. ಚುಕ್ಕಿ ಅಲ್ಲೇ ಇತ್ತು, ಸುತ್ತಲಿನವಕ್ಕಿಂತ ದಪ್ಪಗೆ. ಹೊಸದೇನಲ್ಲ, ಹಳೇ ನಕ್ಷತ್ರ.

"ಅಯ್ಯೋ, ಇದಾ?" ಅನಂತಮ್ಮನವರ ಮುಖ ಬಿಳಿಚಿಕೊಂಡಿತು. "ಇರುವೆ ಅಂದ್ಕೊಂಡೆ ಕಣ್ರೀ. ಊದಿದೆ, ಹೋಗ್ಲಿಲ್ಲ. ಮಸಿ ತಾಗಿ ಸತ್ಗಿತ್ ಹೋದಾತು ಅಂತ ಆ ಜಾಗ ಬಿಟ್ಟು ಮುಂದಕ್ಕೋದೆ. ಆಮೇಲೆ ಮರ್ತೇಬುಟ್ಟೆ."

ಅಕ್ಕಿಯಲ್ಲಿ ಹುಳ ಸಿಕ್ಕರೆ ಒಂದೊಂದನ್ನೇ ಹಿತ್ತಿಲಿಗೆ ಬಿಟ್ಟು ಬರುವ ಹೆಂಗಸು. ನಂಬದೆ ಏನು ಮಾಡಲಿ?

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅದೆಲ್ಲ ನಗುವಿನ ನೀರೇ ಅಂತ ನಾನು ಹೇಳಲಾರೆ.

ಅನಂತಮ್ಮನವರು ಅಪ್ಪಾಜಿಯವರ ಪೆನ್ನು ಇಸಕೊಂಡು ನಕಲಿನಲ್ಲಿ ಆ ಚುಕ್ಕಿ ಇಟ್ಟರು. ಇಡುವ ಮುಂಚೆ ಕಾಗದದ ಮೇಲೆ ಒಂದು ಸಲ ಊದಿದರು.

"ನಿಮ್ಮ ಹೆಸರಿಗೆ ಬರೋ ಕೀರ್ತೀನ ನಾನೇ ಹಾಳು ಮಾಡ್ದೆ," ಎಂದು ಗಂಡನೆದುರು ಅಳುವುದಕ್ಕೇ ಶುರುಮಾಡಿದರು.

ನನಗೆ ತಡೆಯಲಾಗಲಿಲ್ಲ. ಜೇಬಿನಿಂದ ಫಾರಂ ತೆಗೆದು ಅವರ ಕೈಗಿಟ್ಟೆ. ಇಂಗ್ಲಿಷು ಅಷ್ಟಾಗಿ ಬಾರದಿದ್ದರೂ ತಮ್ಮ ಹೆಸರನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿಕೊಂಡರು. ಅಳು ನಿಂತಿತು. ಫಾರಂ ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

"ಸುಳ್ಳು ತಂತಿ ಕಣೆ ಅದು, ಹರಿದಾಕು," ಎಂದರು ಮೇಷ್ಟ್ರು.

"ನಕ್ಷತ್ರ ಸುಳ್ಳು ಕಣ್ರೀ. ನೀವು ನನ್ ಹೆಸರು ಬರ್ದಿದ್ದು ಸುಳ್ಳಲ್ವಲ್ಲ."