ಐದು ಸಾವಿರದ ಮುಯ್ಯಿ, ಗೋಡೌನ್ ತುಂಬ ಪ್ಯಾಂಟು

ಕುರುಗೋಡಿನಲ್ಲಿ ಗಾದಿಲಿಂಗನ ಹೊಸ ಮನೆಯ ಗೃಹಪ್ರವೇಶ. ಶಾಮಿಯಾನದ ಕೆಳಗೆ ಮೈಕು ಹಿಡಿದವನು ಮುಯ್ಯಿ ಕೊಟ್ಟವರ ಹೆಸರು ಕೂಗುತ್ತಿದ್ದ. ಐನೂರು ಕೊಟ್ಟವರ ಹೆಸರು ಗಡಿಬಿಡಿಯಲ್ಲಿ ಮುಗಿದುಹೋಗುತ್ತಿತ್ತು. ಸಾವಿರ ದಾಟಿದರೆ ಮಾತ್ರ ಊರು, ಮನೆತನ ಎಲ್ಲ ಸೇರಿಸಿ ಎಳೆದೆಳೆದು ಹೇಳುತ್ತಿದ್ದ.

ಬಳ್ಳಾರಿಯ ಹುಲುಗೇಶನಿಗೆ ಆ ಎಳೆಯುವ ಧ್ವನಿಯೆಂದರೆ ಪಂಚಪ್ರಾಣ. ಸಿರುಗುಪ್ಪದ ರೈಸ್‌ಮಿಲ್ಲುಗಳಿಂದ ಅಕ್ಕಿ ಮೂಟೆ ಸಾಗಿಸುವ ಸಣ್ಣ ಗಾಡಿ ಅವನದು. ದುಡಿಯುವವನು, ಒಳ್ಳೆಯವನು. ಆದರೆ ನಾಲ್ಕು ಜನರ ನಡುವೆ ನಿಂತರೆ ಕೈಗೆ ಹಿಡಿತವೇ ಇರುವುದಿಲ್ಲ. ಎರಡು ಸಾವಿರ ಕೊಡೋಣ ಅಂತ ಹೋದವನು, ಗೆಳೆಯ ಮಾರೆಣ್ಣ ಮೂರು ಕೊಟ್ಟಿದ್ದು ಕೇಳಿ ಫೋನಿನಲ್ಲಿ ಐದು ಸಾವಿರ ಒತ್ತಿಯೇಬಿಟ್ಟ.

"ಬಳ್ಳಾರಿ ಹುಲುಗೇಶಣ್ಣ ಅವ್ರಿಂದ... ಐದು ಸಾವಿರ ರೂಪಾಯಿ!"

ಹುಲುಗೇಶನ ಮೈ ಜುಮ್ಮೆಂದಿತು. ಊಟದ ಸಾಲಿನಲ್ಲಿ ಕೂತಿದ್ದ ಹೆಂಡತಿ ಉಚ್ಚೆಂಗೆಮ್ಮ ಮಾತ್ರ ಕೈಯಲ್ಲಿದ್ದ ತುತ್ತನ್ನು ಎಲೆಗೇ ಬಿಟ್ಟಳು. ಅದು ಇಬ್ಬರ ಹೆಸರಿನ ಖಾತೆಯಲ್ಲಿ ಹೊಲಿಗೆ ಮಿಷನ್ನಿಗೆಂದು ಅವಳು ಕೂಡಿಟ್ಟ ದುಡ್ಡು. ಅವಳು ಮನೆಯಲ್ಲಿ ಕೂತು ಜೀನ್ಸ್ ಪ್ಯಾಂಟುಗಳ ಹೆಚ್ಚುವರಿ ದಾರ ಕತ್ತರಿಸುತ್ತಾಳೆ. ಹೊಲಿಗೆಯೂ ಬರುತ್ತದೆ, ಮಿಷನ್ನಿದ್ದರೆ ಕೂಲಿ ಹೆಚ್ಚು. ಸೋಮವಾರದೊಳಗೆ ದುಡ್ಡು ಕಟ್ಟಿದರೆ ಹಳೆಯ ಮಿಷನ್ನೊಂದು ನಿನಗೇ ಅಂತ ಜೀನ್ಸ್ ಘಟಕದ ಮೇಸ್ತ್ರಿ ಹೇಳಿದ್ದ.

ಸೋಮವಾರ ದುಡ್ಡು ಸಾಲಲಿಲ್ಲ. ಮಿಷನ್ನು ಬೇರೆಯವರ ಪಾಲಾಯಿತು. ಉಚ್ಚೆಂಗೆಮ್ಮ ಒಂದಿಷ್ಟು ಅತ್ತು, ಮತ್ತೆ ಕತ್ತರಿ ಹಿಡಿದು ಕೂತಳು.

ಪಕ್ಕದ ಮನೆಯ ಅನಿತಾಗೆ ಇದನ್ನು ನೋಡಿ ತಡೆಯಲಾಗಲಿಲ್ಲ. ಅವಳು ಮಹಿಳಾ ಸಂಘದ ಬ್ಯಾಂಕ್ ಸಖಿ, ಜನರಿಗೆ ಬ್ಯಾಂಕಿನ ಕೆಲಸ ಮಾಡಿಕೊಡುವವಳು.

"ಏನಪ್ಪಾ ಹುಲುಗೇಶಾ, ಹಿಂಗ್ಯಾಕ ಮಾಡ್ದಿ?"

"ಅನಿತಕ್ಕಾ, ನಾನೇನು ಕುಡೀತೀನಾ? ಇಸ್ಪೀಟ್ ಆಡ್ತೀನಾ? ಮುಯ್ಯಿ ಅಂದ್ರ ಮರ್ಯಾದಿ. ನಾಳೆ ನಮ್ಮ ಮನಿ ಕಾರ್ಯಕ್ಕ ತಿರುಗಿ ಬರತೈತಿ ಬಿಡು."

"ಬರೋತನಕ ಮಿಷನ್ನು ಕಾಯ್ತೈತೇನ್ರಿ?" ಒಳಗಿನಿಂದ ಉಚ್ಚೆಂಗೆಮ್ಮ ಕೇಳಿದಳು.

"ನೀನು ಕುಡಿಯಂಗಿಲ್ಲ, ಅದು ಖರೇ. ಅದಕ್ಕ ನಿನ್ನ ಕೂಡ ಮಾತಾಡಾಕ ಬಂದೀನಿ," ಅಂದಳು ಅನಿತಾ. "ನಾಳೆ ಇಬ್ಬರೂ ಘಟಕದ ಗೋಡೌನಿಗೆ ಬರ್ರಿ. ಒಂದು ತೋರಸ್ತೀನಿ."

ಮರುದಿನ ಮೇಸ್ತ್ರಿ ಗೋಡೌನಿನ ಬಾಗಿಲು ತೆಗೆದ. ನೆಲದಿಂದ ಸೂರಿನ ತನಕ ನೀಲಿ ಪ್ಯಾಂಟಿನ ರಾಶಿ.

"ಒಂದು ಪ್ಯಾಂಟಿನ ದಾರ ಕತ್ತರಿಸಿದ್ರ ಒಂದು ರೂಪಾಯಿ. ಇಲ್ಲಿರೋವು ಹತ್ತತ್ರ ಐದು ಸಾವಿರ. ನೀನು ಆವತ್ತು ಫೋನಿನ್ಯಾಗ ಒತ್ತಿದ್ದು ಇದನ್ನ ನೋಡಪ್ಪಾ," ಅಂದಳು ಅನಿತಾ.

ಹುಲುಗೇಶ್ ತನಗೇ ಗೊತ್ತಿಲ್ಲದೆ ಚಪ್ಪಲಿ ಬಿಟ್ಟ. ಕುರುಗೋಡಿನ ದೊಡ್ಡ ಬಸವಣ್ಣನ ಮುಂದೆ ಕತ್ತೆತ್ತಿ ನಿಲ್ಲುವಂತೆ ನಿಂತ. ದಿನಾ ಮನೆಯ ಮೂಲೆಯಲ್ಲಿ ಪ್ಯಾಂಟಿನ ಒಂದು ಸಣ್ಣ ಗಂಟು ನೋಡುತ್ತಿದ್ದನೇ ಹೊರತು, ಅವೆಲ್ಲ ಸೇರಿದರೆ ಇಷ್ಟಾಗುತ್ತದೆ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಒಂದು ಪ್ಯಾಂಟು ಎಳೆದು ನೋಡಿದ. ಜೇಬಿಗೆ, ಜಿಪ್ಪಿಗೆ, ಸೊಂಟದ ಪಟ್ಟಿಗೆ, ಎಲ್ಲೆಲ್ಲೂ ಜೋತುಬಿದ್ದ ದಾರ.

"ಇಂಥಾವು ಇಷ್ಟೂ... ನೀ ಒಬ್ಬಾಕಿನಾ ಕತ್ತರಿಸಿದ್ದಿ?"

"ಮತ್ಯಾರು ಬರ್ತಾರ್ರಿ?"

ಅವನು ಅವಳ ಹೆಬ್ಬೆರಳು ಹಿಡಿದು ನೋಡಿದ. ಕತ್ತರಿ ಒತ್ತಿ ಒತ್ತಿ ಗಂಟು ಕಟ್ಟಿತ್ತು. ಇಂಥವಳ ಜೊತೆ ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದೇನಲ್ಲ ಅಂತ ಅವನಿಗೆ ಬೆರಗಾಯಿತು, ನಾಚಿಕೆಯೂ ಆಯಿತು.

"ಅನಿತಕ್ಕಾ, ಈಗೇನು ಮಾಡ್ಲಿ? ಫೋನ್ ಇವಳ ಕೈಯಾಗ ಕೊಡ್ಲೇನು?"

"ಬ್ಯಾಡ. ಅಕಿ ಪೊಲೀಸ್ ಆಗೋದು, ನೀನು ಕಳ್ಳ ಆಗೋದು, ಅದು ಸಂಸಾರ ಅಲ್ಲ. ಇಬ್ಬರ ದುಡಿಮಿನೂ ಮೊದಲು ಮನಿ ಖಾತೆಗೆ ಬರ್ಲಿ. ಬಾಡಿಗಿ, ರೇಷನ್, ಕರೆಂಟು ಅದ್ರಾಗ ನಡೀಲಿ. ಮಿಷನ್ನಿಂದು ಬ್ಯಾರೆ ಖಾತೆ ಮಾಡ್ರಿ, ಇಬ್ಬರೂ ಸಹಿ ಹಾಕಿದ್ರನ ದುಡ್ಡು ಬಿಡುವಂಥದ್ದು. ಬ್ಯಾಂಕಿನ್ಯಾಗ ಕೇಳಿದ್ರ ಮಾಡಿಕೊಡ್ತಾರ. ಉಳಿದಿದ್ರಾಗ ಇಬ್ಬರಿಗೂ ಸಮ ಸಮ ಕೈಖರ್ಚು. ನಿನ್ನ ಫೋನಿಗೆ ಆ ಕೈಖರ್ಚಿನ ಖಾತೆ ಒಂದ ಇರ್ಲಿ. ಅದನ್ನ ಯಾತಕ್ಕ ಖರ್ಚು ಮಾಡ್ದಿ ಅಂತ ಒಬ್ಬರನ್ನೊಬ್ಬರು ಕೇಳಂಗಿಲ್ಲ."

"ನನಗೂ ಕೈಖರ್ಚಾ?" ಉಚ್ಚೆಂಗೆಮ್ಮ ಕಣ್ಣರಳಿಸಿದಳು.

"ನಿನಗೂ ಅಷ್ಟ. ಸಾವಿರಕ್ಕಿಂತ ದೊಡ್ಡ ಖರ್ಚು ಬಂದ್ರ ಇಬ್ಬರೂ ಮಾತಾಡ್ರಿ. ಮುಯ್ಯಿ ವರ್ಷಕ್ಕ ಇಷ್ಟ ಅಂತ ಮೊದಲ ಗೊತ್ತು ಮಾಡ್ಕೊಳ್ರಿ."

ಹೇಳಿದಷ್ಟು ಸಲೀಸಾಗಿ ನಡೆಯಲಿಲ್ಲ. ಒಂದೆರಡು ಸಲ ಹುಲುಗೇಶನ ಕೈ ಮುಯ್ಯಿಗೆ ತುರಿಸಿತು, ಮಾತಿಗೆ ಮಾತು ಬೆಳೆಯಿತು. ಆದರೂ ಬಿಡಲಿಲ್ಲ. ದೀಪಾವಳಿ ಕಳೆದ ಮೇಲೆ ಬ್ರೂಸ್‌ಪೇಟೆಯ ಅಂಗಡಿಯೊಂದರಲ್ಲಿ ಮಿಷನ್ನು ಸಿಕ್ಕಿತು. ಹುಲುಗೇಶ್ ಅದನ್ನು ಗಾಡಿಯಲ್ಲಿಟ್ಟು, ರಸ್ತೆಯ ಒಂದೊಂದು ಉಬ್ಬಿಗೂ ಇಳಿದು ನೋಡುತ್ತ ಮನೆಗೆ ತಂದ. ಉಚ್ಚೆಂಗೆಮ್ಮ ಕೂತು ಮೊದಲ ಹೊಲಿಗೆ ಹಾಕಿದಳು. ಬಟ್ಟೆ ಅವಳ ಬೆರಳ ಕೆಳಗೆ ಸರ್ರನೆ ಹರಿಯಿತು. ಅವನು ಬಾಗಿಲಲ್ಲೇ ನಿಂತು ನೋಡುತ್ತ ಉಳಿದ, ಗಾಡಿ ಬಾಡಿಗೆಗೆ ಹೋಗುವುದನ್ನೂ ಮರೆತ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಬ್ಬರ ಕೈ ಸಡಿಲ ಇರಬಹುದು. ಬೈದರೆ ಅದು ಬಿಗಿಯಾಗುವುದಿಲ್ಲ, ಮುಚ್ಚಿಟ್ಟರೆ ನಂಬಿಕೆ ಹೋಗುತ್ತದೆ. ನಿಮ್ಮ ಜೊತೆ ಬಾಳುವವರು ಒಂದು ರೂಪಾಯಿ ಹೇಗೆ ದುಡಿಯುತ್ತಾರೆ ಅನ್ನುವುದನ್ನು ಅವರ ಪಕ್ಕದಲ್ಲಿ ಕೂತು ಒಂದು ದಿನ ನೋಡಿ. ಇವತ್ತು ಊಟ ಆದ ಮೇಲೆ ಇಬ್ಬರೂ ಮಾತಾಡಿ, ನಾಳೆ ಬ್ಯಾಂಕಿಗೆ ಹೋಗಿ. ಒಬ್ಬರೇ ಬೇಡ, ಇಬ್ಬರೂ ಹೋಗಿ.