ಬೀಗಕ್ಕೂ ಒಂದು ಕೈ ಬೇಕು

ಆ ಬೀದಿಯಲ್ಲಿ ಯಾರ ಮನೆಯ ಬೀಗದ ಕೈ ಕಳೆದರೂ ಮೊದಲು ನೆನಪಾಗುತ್ತಿದ್ದವನು ಬೀಗದಯ್ಯ. ಅದು ಅವನ ಹೆಸರಲ್ಲ, ಬೀದಿಯವರು ಪ್ರೀತಿಯಿಂದ ಇಟ್ಟದ್ದು. ಒಂದು ತುಂಡು ತಂತಿ ಕೈಯಲ್ಲಿದ್ದರೆ ಎಂಥ ಬೀಗವೂ ಅವನ ಮುಂದೆ ಬಾಯಿ ಬಿಡುತ್ತಿತ್ತು. "ನನ್ನ ಮುಂದೆ ಬಾಯಿ ಬಿಡದೆ ಇರೋಳು ಅಂದ್ರೆ ನನ್ನ ಹೆಂಡತಿ ಒಬ್ಬಳೇ" ಎಂದು ಗಿರಾಕಿಗಳನ್ನು ನಗಿಸುತ್ತಿದ್ದ.

ಅವಳು ಬಾಯಿ ಬಿಟ್ಟು ಹೇಳುವುದಕ್ಕೆ ಏನಿತ್ತು? ಬೀದಿಗೆಲ್ಲ ಗೊತ್ತೇ ಇತ್ತು. ಸಂಜೆಗೆ ಮಾತ್ರ ಇದ್ದ ಕುಡಿತ ಮಧ್ಯಾಹ್ನಕ್ಕೆ ಬಂತು, ಆಮೇಲೆ ಬೆಳಗ್ಗೆ ಹಲ್ಲುಜ್ಜುವ ಮೊದಲೇ ಬೇಕಾಯಿತು. ಒಂದು ಗುಟುಕು ಇಳಿಯುವ ತನಕ ಕೈ ಗಡಗಡ ನಡುಗುತ್ತಿತ್ತು. ಇಳಿದ ಮೇಲೆ ಅದೇ ಕೈ ನೆಟ್ಟಗಾಗುತ್ತಿತ್ತು. ಕುಡಿದು ಕುಡಿದು ಕೈ ನಡುಗುತ್ತಿದೆ ಎಂದು ಅವಳು ತಿಳಿದಿದ್ದಳು. ಕುಡಿಯದೆ ಇದ್ದಾಗಲೇ ನಡುಗುತ್ತದೆ ಎಂಬುದನ್ನು ದಿನಾ ಕಣ್ಣಾರೆ ನೋಡಿಯೂ ಗಮನಿಸಿರಲಿಲ್ಲ.

ಒಂದು ಬೆಳಗ್ಗೆ ಪಕ್ಕದ ಬೀದಿಯಲ್ಲಿ ಪುಟ್ಟ ಮಗುವೊಂದು ಬಚ್ಚಲುಮನೆಯೊಳಗೆ ಸಿಕ್ಕಿಹಾಕಿಕೊಂಡಿತು. ಬೆಳಗಿನ ಗುಟುಕು ಇಳಿಯುವ ಮೊದಲೇ ಬೀಗದಯ್ಯನನ್ನು ಕರೆದರು. ಮಗು ಒಳಗೆ ಅಳುತ್ತಿದೆ, ಇವನ ತಂತಿ ಬೀಗದ ತೂತಿಗೇ ಹೋಗುತ್ತಿಲ್ಲ. ಕಡೆಗೆ ಬಾಗಿಲು ಒಡೆದು ಮಗುವನ್ನು ತೆಗೆದರು. ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ನೇರ ಮನೆಗೆ ಬಂದವನು ತಾನೇ ಮಾಡಿದ ದೊಡ್ಡ ಬೀಗವನ್ನು ಹೆಂಡತಿಯ ಕೈಗಿಟ್ಟ.

"ನನ್ನನ್ನ ಹಿಂದಿನ ಕೋಣೇಲಿ ಹಾಕಿ ಇದನ್ನ ಜಡಿ. ಅತ್ತರೂ ಕೂಗಾಡಿದ್ರೂ ತೆಗೀಬೇಡ. ನನ್ನ ಮೇಲೆ ಆಣೆ. ಇವತ್ತಿಗೆ ಬಿಟ್ಟೆ ಅಂದ್ರೆ ಬಿಟ್ಟೆ."

ಇಷ್ಟು ವರ್ಷ ಈ ಮಾತಿಗೇ ಅಲ್ಲವೇ ಅವಳು ಕಾದಿದ್ದುದು? ಕಣ್ಣೊರೆಸಿಕೊಳ್ಳುತ್ತಲೇ ಹಾಸಿಗೆ ಹಾಸಿದಳು, ನೀರಿಟ್ಟಳು, ಬೀಗ ಹಾಕಿದಳು. ತನ್ನ ಮನಸ್ಸು ಕರಗೀತೆಂದು ಹೆದರಿ ಬೀಗದ ಕೈಯನ್ನು ಸಕ್ಕರೆ ಡಬ್ಬಿಯಲ್ಲಿ ಹುಗಿದಿಟ್ಟಳು.

ಸಂಜೆಯ ಹೊತ್ತಿಗೆ ಅವನು ಬೆವೆತು ತೊಪ್ಪೆಯಾಗಿದ್ದ. ಕುಡಿದ ನೀರೂ ವಾಂತಿಯಾಯಿತು. ಅಡುಗೆಮನೆಯ ಕಡೆಗಿದ್ದ ಕಿಟಕಿಯಿಂದ ನೋಡಿದವಳು ಒಲೆಯ ಮುಂದಿದ್ದ ಅತ್ತೆಯ ಕಡೆಗೆ ತಿರುಗಿದಳು.

"ಅತ್ತೆ, ಯಾಕೋ ಭಯ ಆಗ್ತಿದೆ."

"ಏನೂ ಆಗಲ್ಲ ಸುಮ್ನಿರೇ. ಒಳಗಿದ್ದ ವಿಷ ಹೊರಗೆ ಬರ್ತಿದೆ," ಎಂದರು ಅತ್ತೆ. "ನನ್ನ ತಮ್ಮನೂ ಹೀಗೇ ಒಂದೇ ಏಟಿಗೆ ಬಿಟ್ಟ. ಸಾಯೋತನಕ ಒಂದು ಹನಿ ಮುಟ್ಟಲಿಲ್ಲ."

ರಾತ್ರಿಯಿಡೀ ಅವನು ಕಣ್ಣು ಮುಚ್ಚಲಿಲ್ಲ. ಮರುದಿನವೂ ಅದೇ ಗತಿ. ಅದರ ಮರುದಿನ ಬೆಳಗ್ಗೆ ಅವಳು ಕಿಟಕಿಯ ಬಳಿ ಬಂದಾಗ ಅವನು ಮಂಡಿಯೂರಿ ನೆಲದಿಂದ ಏನನ್ನೋ ಹೆಕ್ಕುತ್ತಿದ್ದ. ನೆಲದ ಮೇಲೆ ಏನೂ ಇರಲಿಲ್ಲ.

"ಏನ್ರೀ ಮಾಡ್ತಿದ್ದೀರಿ?"

"ಬೀಗದ ಕೈಗಳೆಲ್ಲ ಚೆಲ್ಲಿಹೋಗಿವೆ. ಹುಷಾರು, ತುಳಿದೀರಿ." ಅವನು ತಲೆಯೆತ್ತಿ ಅವಳನ್ನೇ ದಿಟ್ಟಿಸಿದ. "ನಿಮ್ಮದು ಯಾವ ಮನೆಯಮ್ಮ? ಯಾವ ಬೀಗ ತೆಗೀಬೇಕು?"

ಅವಳು ಗಾಬರಿಯಿಂದ ಅತ್ತೆಯನ್ನು ಕೂಗಿ ಕರೆದಳು.

ಅದೇ ಹೊತ್ತಿಗೆ ಮುಂಬಾಗಿಲಲ್ಲಿ ಆಸ್ಪತ್ರೆಯ ನರ್ಸಮ್ಮ ನಿಂತಿದ್ದರು, ಕೈಯಲ್ಲಿ ಔಷಧಿ ಬೀರುವಿನ ಕೆಟ್ಟ ಬೀಗ ಹಿಡಿದುಕೊಂಡು.

"ಎಲ್ಲಮ್ಮಾ ನಿಮ್ಮ ಯಜಮಾನರು? ಅಂಗಡೀನೂ ಮುಚ್ಚಿದೆ."

ಅವಳು ಅಳುತ್ತ ಅವರನ್ನು ಒಳಗೆ ಕರೆತಂದು ಕಿಟಕಿ ತೋರಿಸಿದಳು. ನರ್ಸಮ್ಮ ಒಮ್ಮೆ ಒಳಗೆ ನೋಡಿದರು, ಅಷ್ಟೇ. ಬೀಗ ಪಕ್ಕಕ್ಕಿಟ್ಟು ಫೋನ್ ತೆಗೆದು ಆಂಬುಲೆನ್ಸ್ ಕರೆದರು.

"ಬಾಗಿಲು ತೆಗಿ ತಾಯಿ."

"ಆಣೆ ಹಾಕಿದ್ದಾರೆ ಸಿಸ್ಟರ್. ಈಗ ತೆಗೆದ್ರೆ ಮತ್ತೆ ಕುಡೀತಾರೆ. ಇನ್ನೊಂದು ಸಲ ಬಿಡ್ತೀನಿ ಅನ್ನಲ್ಲ ಅವರು."

"ವರ್ಷಗಟ್ಟಲೆ ದಿನಾ ಕುಡಿದ ಮೈ ಅದು. ಒಮ್ಮೆಗೇ ನಿಲ್ಲಿಸಿದ್ರೆ ಕೆಲವರಿಗೆ ಹೀಗೇ ಬುದ್ಧಿ ಭ್ರಮಣೆ ಆಗುತ್ತೆ, ಫಿಟ್ಸ್ ಬರುತ್ತೆ, ಜೀವವೇ ಹೋಗಬಹುದು. ಅವರು ನಿನ್ನ ಕೇಳಿದ್ದು ಕುಡಿತ ಬಿಡಿಸು ಅಂತ. ಕೂಡಿಹಾಕಿ ಸಾಯಿಸು ಅಂತಲ್ಲ."

"ಸುಮ್ನೆ ಹೆದರಿಸಬೇಡಿ," ಎಂದು ಅತ್ತೆ ನಡುವೆ ಬಂದರು. "ನನ್ನ ತಮ್ಮ ಮನೇಲೇ ಬಿಟ್ಟ. ಆಸ್ಪತ್ರೆಗೆ ಹೋದ್ರೆ ಊರಿಗೆಲ್ಲ ಗೊತ್ತಾಗಲ್ವಾ?"

"ಕುಡಿಯೋದು ಊರಿಗೆ ಗೊತ್ತಿರಲಿಲ್ವೇನಮ್ಮ? ಇರಲಿ, ಬಿಟ್ಟ ಮೇಲೆ ನಿಮ್ಮ ತಮ್ಮ ಎಷ್ಟು ವರ್ಷ ಬದುಕಿದ್ರು?"

ಅತ್ತೆ ಗೋಡೆ ಹಿಡಿದುಕೊಂಡು ಮೆಲ್ಲಗೆ ಕುಳಿತರು.

"ಆ ವಾರವೇ ಹೋದ," ಎಂದರು. "ಅವನೂ ಏನೇನೋ ಬಡಬಡಿಸ್ತಿದ್ದ. ಆಮೇಲೆ ಫಿಟ್ಸ್ ಬಂತು. ಹಿಂದೆ ಕುಡಿದದ್ದಕ್ಕೇ ಸತ್ತ ಅಂತ ಇಷ್ಟು ದಿನ ಅಂದ್ಕೊಂಡಿದ್ನಲ್ಲಪ್ಪಾ..." ಮರುಕ್ಷಣವೇ ಸೊಸೆಯ ಕಡೆಗೆ ತಿರುಗಿ ಕೂಗಿದರು, "ಏನೇ ನೋಡ್ತಾ ನಿಂತಿದ್ದೀಯ? ತೆಗಿಯೇ ಬಾಗಿಲು!"

ಸಕ್ಕರೆ ಡಬ್ಬಿ ನೆಲಕ್ಕೆ ಬಿತ್ತು. ಸಕ್ಕರೆಯೊಳಗೆ ಬೆರಳಾಡಿಸಿ ಬೀಗದ ಕೈ ಹುಡುಕಿದಳು. ಬಾಗಿಲು ತೆರೆದಾಗ ಅವನು ಬರಿಗೈಯನ್ನು ಅವಳ ಮುಂದೆ ಚಾಚಿ, "ತಗೊಳ್ಳಿ, ನಿಮ್ಮ ಕೈ ಸಿಕ್ತು" ಎಂದ. ಅವಳು ಆ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

ಆಸ್ಪತ್ರೆಯಲ್ಲಿ ಬಾಗಿಲಿಗೆ ಬೀಗ ಇರಲಿಲ್ಲ. ಡ್ರಿಪ್ ಹಾಕಿದರು, ಕುಡಿತದಿಂದ ಮೈಯಲ್ಲಿ ಇಳಿದುಹೋದ ವಿಟಮಿನ್ನನ್ನು ಇಂಜೆಕ್ಷನ್ನಿನಲ್ಲಿ ಕೊಟ್ಟರು, ನಡುಕ ಇಳಿಸುವ ಔಷಧಿ ಕೊಟ್ಟರು. ನಾಡಿ, ರಕ್ತದೊತ್ತಡ ಪದೇ ಪದೇ ನೋಡುತ್ತಿದ್ದರು.

"ಕುಡಿತ ಬಿಡಿಸೋಕೆ ಹೋಗಿ ಮಾತ್ರೆ ಚಟ ಹತ್ತಿಸಲ್ಲ ತಾನೇ ಡಾಕ್ಟ್ರೇ?" ಎಂದು ಅವಳು ಕೇಳಿದಳು.

"ಅದಕ್ಕೇ ನಮ್ಮ ಕಣ್ಣೆದುರಿಗೇ ಕೊಡೋದು," ಎಂದರು ಡಾಕ್ಟರಮ್ಮ. "ದಿನಾ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ ನಿಲ್ಲಿಸ್ತೀವಿ. ನೀವಾಗೇ ಅಂಗಡಿಯಿಂದ ತಂದು ಕೊಡಬಾರದು, ಅಷ್ಟೇ. ಆದ್ರೆ ಇದು ಬರೀ ಬಾಗಿಲು ತೆರೆದ ಹಾಗೆ. ಆಮೇಲೆ ಕೌನ್ಸೆಲಿಂಗ್‌ಗೆ ಬರ್ತಾ ಇರಬೇಕು. ಒಮ್ಮೆ ಜಾರಿದ್ರೂ ನಾಚಿಕೊಳ್ಳದೆ ಮತ್ತೆ ಬರಬೇಕು."

ಒಂದು ಬೆಳಗ್ಗೆ ಅವನು ಕಣ್ಣು ಬಿಟ್ಟು ಅವಳನ್ನು ನೋಡಿದ. "ಯಾಕೇ ಇಷ್ಟು ಸೊರಗಿದ್ದೀಯ?" ಎಂದ. ಗುರುತು ಹಿಡಿದನಲ್ಲ, ಅಷ್ಟು ಸಾಕಾಗಿತ್ತು ಅವಳಿಗೆ. ತಡೆದಿಟ್ಟ ಅಳುವೆಲ್ಲ ಬಂತು.

"ಆಣೆ ಮುರಿದೆ ಕಣ್ರೀ."

"ಒಳ್ಳೇದು ಮಾಡಿದೆ. ಬೀಗ ಅಷ್ಟು ಗಟ್ಟಿಯಾಗಿ ಮಾಡಬಾರದಿತ್ತು ನಾನು."

ಆಸ್ಪತ್ರೆಯಿಂದ ಬಂದ ಮೇಲೆ ಅವನು ಮಾಡಿದ ಮೊದಲ ಕೆಲಸ ಹಿಂದಿನ ಕೋಣೆಯ ಚಿಲಕವನ್ನು ಬಿಚ್ಚಿ ತೆಗೆದದ್ದು. ಕೈಯಲ್ಲಿ ಇನ್ನೂ ಚೂರು ನಡುಕವಿತ್ತು. ಸ್ಕ್ರೂ ಕೆಳಗೆ ಬಿದ್ದಾಗೆಲ್ಲ ಅವಳು ಎತ್ತಿಕೊಟ್ಟಳು. ಆಮೇಲೆ ಇಬ್ಬರೂ ಕುಳಿತು ನರ್ಸಮ್ಮ ಬಿಟ್ಟುಹೋಗಿದ್ದ ಔಷಧಿ ಬೀರುವಿನ ಬೀಗ ಬಿಚ್ಚಿದರು.

"ಎಣ್ಣೆ ಹಾಕ್ಬೇಕು ಇದಕ್ಕೆ," ಎಂದ.

ಅವಳು ಬೆಚ್ಚಿ ನೋಡಿದಳು.

"ಬೀಗಕ್ಕೆ ಕಣೇ!" ಎಂದು ನಕ್ಕ. ಒಳಗಿನಿಂದ ಅತ್ತೆಯೂ ನಕ್ಕರು. ನಗುತ್ತಲೇ ಅವನು ಬೀಗವನ್ನು ಅವಳ ಅಂಗೈಯಲ್ಲಿಟ್ಟ. "ಯಾವ ಬೀಗವೂ ತಾನಾಗಿ ತೆರೆಯಲ್ಲ ನೋಡು. ಅದಕ್ಕೂ ಒಂದು ಕೈ ಬೇಕು. ಗೊತ್ತಿದ್ದೂ ಗೊತ್ತಿದ್ದೂ ನಾನು ಒಬ್ಬನೇ ಒಳಗೆ ಕೂತೆ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ದಿನಾ ಕುಡಿಯುವವರು, ಅಮಲು ಮಾತ್ರೆಗೋ ಬೇರೆ ಯಾವುದಾದರೂ ಅಮಲಿಗೋ ಸಿಕ್ಕಿದವರು ಇದ್ದಾರೆಯೇ? "ಬಿಡುತ್ತೇನೆ" ಎಂದು ಅವರು ಬಾಯಿಬಿಟ್ಟು ಹೇಳಿದ ದಿನ ದೊಡ್ಡ ದಿನ. ಆ ದಿನ ಅವರನ್ನು ಕೋಣೆಯಲ್ಲಿ ಕೂಡಿಹಾಕಬೇಡಿ, ಒಮ್ಮೆಗೇ ನಿಲ್ಲಿಸಿ ಎಂದು ಹಟ ಹಿಡಿಯಬೇಡಿ. ಮೊದಲು ಡಾಕ್ಟರ ಬಳಿಗೆ ಕರೆದುಕೊಂಡು ಹೋಗಿ. ಕುಡಿತ ನಿಲ್ಲಿಸಿದ ಮೇಲೆ ಮೈ ನಡುಕ ಹೆಚ್ಚಾದರೆ, ಜ್ವರ ಏರಿದರೆ, ಫಿಟ್ಸ್ ಬಂದರೆ, ಇಲ್ಲದ್ದು ಕಂಡರೆ, ಗುರುತು ಸಿಗದೆ ಹೋದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಿ. ಅವರು ಕೈ ಚಾಚಿದಾಗ ಬೀಗ ಹುಡುಕಬೇಡಿ, ಆ ಕೈ ಹಿಡಿದುಕೊಳ್ಳಿ.