ಭುಜಂಗನ ಕಿವಿ

ವಾಸು ಎಡಗಾಲಿನಿಂದ ಮರ ಕೊಯ್ಯುವ ಮಿಶಿನನ್ನು ನೆಲಕ್ಕೊತ್ತಿ ಹಿಡಿದು ಮತ್ತೊಮ್ಮೆ ಹಗ್ಗ ಎಳೆದ. ಅದು ಗೊರಗೊರ ಎಂದು ಸದ್ದು ಮಾಡಿ, ನೀಲಿ ಹೊಗೆ ಬಿಟ್ಟು ಸುಮ್ಮನಾಯಿತು. ಸುತ್ತ ನಿಂತಿದ್ದ ಗಂಡಸರು ಮಿಶಿನನ್ನು ನೋಡಿದರು, ಮಾವಿನ ಮರವನ್ನು ನೋಡಿದರು, ಕೊನೆಗೆ ಪಡುವಣಕ್ಕೆ ವಾಲುತ್ತಿದ್ದ ಸೂರ್ಯನನ್ನು ನೋಡಿದರು.

ಒಳಗೆ ಚಾವಡಿಯಲ್ಲಿ ವಾಸುವಿನ ಸೋದರಮಾವ ಭುಜಂಗನ ಹೆಣವಿತ್ತು. ಎದೆಯ ಕಾಯಿಲೆಯಿಂದ ಮೂರು ತಿಂಗಳು ಮಲಗಿದ್ದವನು ಅಂದು ಬೆಳಿಗ್ಗೆ ಗಂಜಿಗೆ ಕಾಯುತ್ತಿದ್ದಾಗಲೇ ಹೋಗಿಬಿಟ್ಟಿದ್ದ. ಮಕ್ಕಳಿರಲಿಲ್ಲ. ಸೋದರಳಿಯನೇ ವಾರಸುದಾರನಾಗುವ ಅಳಿಯಕಟ್ಟಿನ ಮನೆ, ಬೆಂಕಿ ಕೊಡಬೇಕಾದವನು ವಾಸುವೇ. ಸತ್ತವನ ಹಿತ್ತಲಿನ ಮಾವಿನ ಮರವನ್ನೇ ಕಡಿದು ಚಿತೆಗೆ ಒಟ್ಟುವುದು ಪದ್ಧತಿ. ಅದು ಕೊಡಲಿಯ ಕೆಲಸ, ಅದಕ್ಕೆ ಇಬ್ಬರು ಗಟ್ಟಿ ಆಳುಗಳು ಬಂದೂ ಇದ್ದರು. ಆದರೆ ಭುಜಂಗ ಕಂಡಕಂಡವರಿಗೆಲ್ಲ ಹೇಳಿಟ್ಟಿದ್ದ, ತನ್ನ ಮರಕ್ಕೆ ಕೊಡಲಿ ತಾಗಿಸಬಾರದು, ತನ್ನ ಮಿಶಿನೇ ಅದನ್ನು ಕೊಯ್ಯಬೇಕು ಎಂದು. ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು. ಮಿಶಿನು ಏಳದಿದ್ದರೂ ಮರವೇನೋ ಕೊಡಲಿಗೆ ಬೀಳುತ್ತಿತ್ತು, ಅದರ ಜೊತೆಗೆ ಅವನ ಹೆಸರೂ ಬೀಳುತ್ತಿತ್ತು.

ಅವನಿಗಿದ್ದ ಆಸ್ತಿ ಆ ಹೆಸರೊಂದೇ. ಅರವತ್ತೆಂಟನೆಯ ಇಸವಿಯಲ್ಲಿ ಇಡೀ ಕಾರ್ಕಳದಲ್ಲಿ ಪೆಟ್ರೋಲು ಕುಡಿದು ಮರ ಕೊಯ್ಯುವ ಮಿಶಿನುಗಳು ಬೆರಳೆಣಿಕೆಯಷ್ಟೇ ಇದ್ದವು. ಎಲ್ಲವೂ ಘಟ್ಟದ ಮೇಲಿನ ತೋಟದವರು ಬಳಸಿ ಬಿಸಾಡಿದ ಹಳೆಯ ಸಾಮಾನು. ಅವುಗಳಲ್ಲಿ ಯಾವುದನ್ನು ಕೊಳ್ಳಬಹುದು, ಯಾವುದನ್ನು ತೂಕಕ್ಕೆ ಹಾಕಬೇಕು ಎಂದು ಹೇಳುತ್ತಿದ್ದವನು ಭುಜಂಗ. ಚೈನಿನ ಹಲ್ಲು ಅರದಿಂದ ಉಜ್ಜಲು ಬೇರೆಯವರೂ ಕಲಿತಿದ್ದರು. ಆದರೆ ಗಾಳಿಗೆ ಎಷ್ಟು ಪೆಟ್ರೋಲು ಬೆರೆಯಬೇಕೆಂದು ಸ್ಕ್ರೂ ತಿರುಗಿಸಿ ಇಂಜಿನಿನ ಸ್ವರ ಕೂಡಿಸುವ ಕೆಲಸ ಅವನೊಬ್ಬನಿಗೇ ಬರುತ್ತಿತ್ತು. ಭುಜಂಗನ ಕಿವಿ ಎಂದೇ ಜನ ಹೇಳುತ್ತಿದ್ದರು.

"ನೀನು ಎಂತ ಮಾಡಿದ್ದೀಯ ಅದಕ್ಕೆ?" ಎಂದು ಸಿಲ್ವೆಸ್ಟರ್ ಪೊರ್ಬುಗಳು ಕೇಳಿದರು. ಕಾಪುವಿನ ಕ್ರಿಶ್ಚಿಯನರು, ಆ ಕಡೆ ಅವರನ್ನು ಗೌರವದಿಂದ ಪೊರ್ಬುಗಳು ಎನ್ನುತ್ತಾರೆ. ಕಾರ್ಕಳದಲ್ಲಿ ಅವರದು ಮರದ ಡಿಪೋ. ಭುಜಂಗನಿಗೆ ಕೆಲಸ ಕೊಡುತ್ತಿದ್ದವರು.

ಮಾವ ಮಲಗಿದ ಮೇಲೆ ಧೂಳು ಕೂತಿತ್ತೆಂದು ಬಿಚ್ಚಿ ತೊಳೆದಿದ್ದೆ ಎಂದು ವಾಸು ತಲೆ ತಗ್ಗಿಸಿದ. ಅವನು ಲಾರಿ ಡ್ರೈವರ್. ತೊಳೆಯುವಾಗ ಸ್ಕ್ರೂಗಳ ಲೆಕ್ಕ ತಪ್ಪಿತ್ತು. ಲಾರಿಯ ಬುದ್ಧಿಯನ್ನು ಈ ಸಣ್ಣ ಮಿಶಿನಿಗೆ ಹಚ್ಚಿ ಕೆಟ್ಟಿದ್ದ.

ಗೇಟಿನ ಬಳಿ ನಿಂತಿದ್ದ ಹೋಟೆಲಿನ ಹಯಗ್ರೀವ ರಾಯರು ಪಕ್ಕದವರಿಗೆ ಹೇಳುವ ನೆಪದಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು: "ನನಗೆ ಒಂದು ಸಂಶಯ ಉಂಟು. ಅವನಿಗೆ ಕೊನೆಕೊನೆಗೆ ಕಿವಿ ಕೇಳಿಸ್ತಿತ್ತಾ ಅಂತ. ಹಿಂದಿನಿಂದ ಎಷ್ಟು ಕರೆದರೂ ತಿರುಗುತ್ತಿರಲಿಲ್ಲ. ನಾವು ಗರ್ವ ಅಂದುಕೊಂಡೆವು."

"ಕೆಪ್ಪ ಮಿಶಿನು ರಿಪೇರಿ ಮಾಡುವುದುಂಟಾ ಮಾರಾಯ್ರೆ?" ಎಂದು ಯಾರೋ ನಕ್ಕರು. ಸಾವಿನ ಮನೆಯೆಂದು ನೆನಪಾಗಿ ನಗು ಅರ್ಧಕ್ಕೇ ನಿಂತಿತು, ಮಾತು ಮಾತ್ರ ಅಲ್ಲಿಯೇ ಉಳಿಯಿತು.

ಹೆಣದ ತಲೆಯ ಬಳಿ ಕುಳಿತಿದ್ದ ಹೆಂಡತಿ ಮೋಹಿನಿಗೆ ಅದು ಕೇಳಿಸಿತು. ಅವಳ ಕಿವಿ ಅಂಥದು. ನೀರು ಕುಡಿದು ಬರುತ್ತೇನೆ ಎಂದು ಅವಳು ಎದ್ದು ಅಡುಗೆಮನೆಗೆ ಹೋದಳು. ಒಬ್ಬಳೇ ಅಳಬೇಕೇನೋ ಎಂದುಕೊಂಡು ಹೆಂಗಸರು ದಾರಿ ಬಿಟ್ಟರು.

*

ಭುಜಂಗನಿಗೆ ಕಿವಿ ಕೇಳಿಸುವುದಿಲ್ಲ ಎಂದು ಮೋಹಿನಿಗೆ ಗೊತ್ತಾದದ್ದು ವರ್ಷಗಳ ಹಿಂದೆ ಒಂದು ಮಧ್ಯಾಹ್ನ. ಒಲೆಯ ಮೇಲಿಂದ ಹಂಡೆ ಉರುಳಿ ಬಿದ್ದು ಬೀದಿಯವರೆಲ್ಲ ಓಡಿ ಬಂದರೂ, ಬಾಗಿಲಲ್ಲೇ ಕುಳಿತಿದ್ದ ಗಂಡ ಅರದಿಂದ ಚೈನು ಉಜ್ಜುತ್ತಲೇ ಇದ್ದ. ವರ್ಷಗಟ್ಟಲೆ ಕಿವಿಯ ಪಕ್ಕದಲ್ಲೇ ಕಿರುಚಿದ ಮಿಶಿನು ಅವನ ಕಿವಿಯನ್ನು ತಿಂದುಹಾಕಿತ್ತು. ಎದುರಿದ್ದವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದೇನೆ ಎಂದು ಅಂದು ರಾತ್ರಿ ಊಟ ಮಾಡುತ್ತ ಅವನೇ ಒಪ್ಪಿಕೊಂಡ.

"ಒಬ್ಬ ಕೆಪ್ಪ ಅಂದರೆ ಊರೇ ಕೆಪ್ಪ ಅನ್ನುತ್ತದೆ. ಆಮೇಲೆ ಮಿಶಿನು ಯಾರು ಕೊಡ್ತಾರೆ? ನಾನು ಬೂದಿಯಾಗುವವರೆಗೆ ನೀನು ಬಾಯಿ ಬಿಡಬಾರದು."

ಬಾಯಿ ಬಿಡಬಾರದು ಎಂದದ್ದಕ್ಕೆ ಅವಳು ಕೈಯನ್ನು ಉಪಯೋಗಿಸಿದಳು. ಅಡುಗೆಮನೆಯ ಕಿಟಕಿಗೆ ಎದುರಾಗಿ ಅಂಗಳದಲ್ಲಿ ಒಂದು ಒಗೆಯುವ ಕಲ್ಲಿತ್ತು. ಭುಜಂಗ ಮಿಶಿನನ್ನು ಅದರ ಮೇಲಿಟ್ಟು ಚಾಲು ಮಾಡುತ್ತಿದ್ದ. ಅವಳು ಒಳಗಿನಿಂದ ಕೇಳುತ್ತಿದ್ದಳು. ಸದ್ದು ಗೊರಗೊರ ಎಂದರೆ ಪೆಟ್ರೋಲು ಹೆಚ್ಚಾಗಿದೆ, ಅವಳ ಅಂಗೈ ಕೆಳಗೆ ಹೋಗುತ್ತಿತ್ತು, ಅವನು ಸ್ಕ್ರೂ ಬಿಗಿ ಮಾಡುತ್ತಿದ್ದ. ಸದ್ದು ಕಿರುಚಿದರೆ ಅಂಗೈ ಮೇಲೆ, ಅವನು ಸಡಿಲಿಸುತ್ತಿದ್ದ. ಸ್ವರ ಕೂಡಿದಾಗ ಅವಳು ಮುಷ್ಟಿ ಹಿಡಿಯುತ್ತಿದ್ದಳು. ಮೊದಮೊದಲು ತಪ್ಪಾಗಿ ಒಂದೆರಡು ಮಿಶಿನುಗಳು ವಾಪಸು ಬಂದವು. ಆಮೇಲೆ ಅವಳಿಗೆ ಮೀನಿನ ಸಾರು ಕುದಿಯುವ ಸದ್ದಿನಷ್ಟೇ ಅದೂ ಸಲೀಸಾಯಿತು.

ಬೆಳಕಿಗೆ ಬೆನ್ನು ಹಾಕಿ, ಕಿಟಕಿಗೆ ಮುಖ ಮಾಡಿ ಯಾಕೆ ಕೂರುತ್ತೀರಿ ಎಂದು ವಾಸು ಒಮ್ಮೆ ಎದುರು ನಿಂತು ಕೇಳಿದ್ದ. "ಅನ್ನ ಯಾವಾಗ ಬೇಯುತ್ತದೆ ಅಂತ ನೋಡಬೇಕಲ್ವಾ" ಎಂದಿದ್ದ ಭುಜಂಗ. ತಿನ್ನುವುದರಲ್ಲೇ ಧ್ಯಾನ ಈ ಮನುಷ್ಯನಿಗೆ ಎಂದು ವಾಸು ಊರೆಲ್ಲ ಹೇಳಿ ನಗಿಸಿದ್ದ.

ಹಳೆಯ ಮಿಶಿನು ಕೊಳ್ಳಲು ಹೋಗುವುದೇ ಕಷ್ಟವಾಗಿತ್ತು. ಉಡುಪಿಯ ಬನ್ನಂಜೆಯ ಒಂದು ಶೆಡ್ಡಿಗೆ ತೋಟದ ಮಿಶಿನುಗಳು ಬಂದಿವೆ, ನೋಡಿ ಆರಿಸಿಕೊಡು ಎಂದು ಪೊರ್ಬುಗಳು ಕರೆದಾಗ ಭುಜಂಗ ಹೆಂಡತಿಯನ್ನೂ ಬಸ್ಸಿಗೆ ಹತ್ತಿಸಿದ. ಕೃಷ್ಣನ ದರ್ಶನ ಮಾಡಿಸುತ್ತೇನೆಂದು ಹರಕೆ ಇದೆ ಎಂದು ಸಬೂಬು ಹೇಳಿದ. ಶೆಡ್ಡಿನವರು ಮುಸಿಮುಸಿ ನಕ್ಕರು. ಮಿಶಿನು ಕೊಳ್ಳಲಿಕ್ಕೆ ಹೆಂಡತಿಯನ್ನು ಕರೆತಂದ ಗಂಡಸನ್ನು ಅವರು ಕಂಡಿರಲಿಲ್ಲ. ಭುಜಂಗ ಹಗ್ಗವನ್ನು ಮೆಲ್ಲಗೆ ಎಳೆದು ಒಳಗಿನ ಬಿಗಿ ನೋಡಿದ, ಚೈನು ಓಡುವ ಪಟ್ಟಿಯ ಅಂಚಿಗೆ ಹೆಬ್ಬೆರಳು ಸವರಿ ಸವೆತ ನೋಡಿದ. ಅಷ್ಟು ಅವನ ಕೈಗೆ ಸಾಕಿತ್ತು. ಚಾಲು ಮಾಡಿದ ಮೇಲೆ ಮಾತ್ರ ಕೊಡೆ ಹಿಡಿದು ದೂರ ನಿಂತವಳ ಬಲಗೈಯನ್ನು ನೋಡುತ್ತಿದ್ದ. ನುಣ್ಣಗೆ ಬಣ್ಣ ಬಳಿದಿದ್ದ ಒಂದಕ್ಕೆ ಅವಳ ಕೈ ಮೇಲೂ ಹೋಗಲಿಲ್ಲ, ಕೆಳಗೂ ಹೋಗಲಿಲ್ಲ, ಸೆರಗಿನೊಳಗೆ ಸೇರಿಕೊಂಡಿತು. ಭುಜಂಗ ಅದು ಬೇಡ ಎಂದ. ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಇನ್ನೊಂದಕ್ಕೆ ಮುಷ್ಟಿ ಮೂಡಿತು. ಪೊರ್ಬುಗಳು ಅದನ್ನು ಒಲ್ಲೆ ಎಂದರು, ಭುಜಂಗ ತಾನೇ ಕೊಂಡ. ಇಂದು ಅಂಗಳದಲ್ಲಿ ಹಟ ಹಿಡಿದದ್ದು ಅದೇ.

ದರ್ಶನಕ್ಕೆ ಹೊತ್ತು ಸಿಗಲಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲೆ ಮಿಶಿನನ್ನು ಇಟ್ಟುಕೊಂಡು, ನನ್ನ ಕಿವಿ ನಿನ್ನ ತಲೆಯಲ್ಲುಂಟು ಎಂದು ಅವನು ಜೋರಾಗಿಯೇ ಹೇಳಿಬಿಟ್ಟ. ತನ್ನ ದನಿಯೂ ಅವನಿಗೆ ಕೇಳಿಸುತ್ತಿರಲಿಲ್ಲವಲ್ಲ. ಅವಳು ನಾಚಿ ಕಿಟಕಿಯ ಹೊರಗೆ ನೋಡಿದಳು. ಅಷ್ಟು ಹೊಗಳಿಕೆಯನ್ನು ಅವಳು ಮದುವೆಯಾದಂದಿನಿಂದ ಕೇಳಿರಲಿಲ್ಲ.

*

ಕೊಡಲಿ ಎತ್ತಿ ಮಾರಾಯ್ರೆ, ಕತ್ತಲಾದರೆ ಕಷ್ಟ ಎಂದು ಯಾರೋ ಹೇಳಿದರು. ಹಯಗ್ರೀವ ರಾಯರ ಸಂಶಯ ಸಿಲ್ವೆಸ್ಟರ್ ಪೊರ್ಬುಗಳ ಮುಖಕ್ಕೂ ಹತ್ತುತ್ತಿತ್ತು. ಇಷ್ಟು ವರ್ಷ ಕೆಪ್ಪನ ಕೈಯಲ್ಲಿ ಮಿಶಿನು ಕೊಟ್ಟೆನೇ ಎಂದು ಲೆಕ್ಕ ಹಾಕುವವರಂತೆ ನಿಂತಿದ್ದರು.

ಕಿಟಕಿಯ ಮರದ ಸರಳು ಹಿಡಿದು ಮೋಹಿನಿ ನಿಂತಿದ್ದಳು. ಪ್ರತಿ ಸಲ ಗೊರಗೊರ ಎಂದಾಗ ಅವಳ ಬಲಗೈ ತಾನಾಗಿ ಕೆಳಗೆ ಹೋಗುತ್ತಿತ್ತು. ಬಿಗಿ ಮಾಡಬೇಕು, ಅಷ್ಟೇ. ಹೊರಗೆ ಹೋಗಿ ಅಷ್ಟು ಹೇಳಿದರೆ ಮಿಶಿನು ಏಳುತ್ತಿತ್ತು, ಅವನ ಗುಟ್ಟು ಮುಗಿಯುತ್ತಿತ್ತು. ಅವನಿನ್ನೂ ಬೂದಿಯಾಗಿರಲಿಲ್ಲ. ಹೇಳಿದರೂ ಕಷ್ಟ, ಹೇಳದಿದ್ದರೂ ಕಷ್ಟ. ಮರದ ಬುಡದಲ್ಲಿದ್ದ ಗಂಡಸರಲ್ಲಿ ಒಬ್ಬನೂ ಈ ಕಡೆ ನೋಡಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ನೋಡುವಂಥದ್ದೇನಿದೆ?

ಕಡೆಯದಾಗಿ ಒಂದು ಸಲ ಎಂದು ವಾಸು ಮಿಶಿನನ್ನು ಒಗೆಯುವ ಕಲ್ಲಿಗೆ ಹೊತ್ತು ತಂದ. ಮರದ ಬುಡದ ನೆಲ ಮೆತ್ತಗಿತ್ತು, ಕಲ್ಲಾದರೆ ಗಟ್ಟಿ. ಕಲ್ಲಿನ ಮೇಲೆ ಎಣ್ಣೆ ಕುಡಿದು ಕಪ್ಪಾದ ಗುರುತಿತ್ತು. ಮಿಶಿನು ಅದರಲ್ಲಿ ತಾನಾಗಿ ಕೂತಿತು. ಅದು ಕೂತಂತೆ ವಾಸುವೂ ಮಾವ ಕೂರುತ್ತಿದ್ದ ಹಾಗೆಯೇ ಕಿಟಕಿಗೆ ಮುಖ ಮಾಡಿ ಕುಕ್ಕರುಗಾಲಿನಲ್ಲಿ ಕೂರಬೇಕಾಯಿತು. ಹಗ್ಗ ಎಳೆದ. ಗೊರಗೊರ. ತಲೆ ಎತ್ತಿದ.

ಕಿಟಕಿಯಲ್ಲಿ ಅತ್ತೆಯ ಕೈ ಕೆಳಗೆ ಇಳಿಯುತ್ತಿತ್ತು.

ಅವನಿಗೆ ಅರ್ಥವಾಗಲಿಲ್ಲ. ಸ್ಕ್ರೂ ಸಡಿಲಿಸಿ ಮತ್ತೆ ಎಳೆದ. ಕೈ ಬಳೆ ಸಮೇತ ರಭಸವಾಗಿ ಕೆಳಗೆ ಕೆಳಗೆ ಆಡಿತು. ತಿರುಗಿಸಿ ಬಿಗಿ ಮಾಡಿ ಎಳೆದ. ಮಿಶಿನು ಹಿಡಿದುಕೊಂಡಿತು. ಇನ್ನಷ್ಟು ಬಿಗಿ ಮಾಡಿದ, ಅದು ಕಿರುಚಿತು, ಕೈ ಮೇಲಕ್ಕೆ ಬಂತು. ಕೂದಲೆಳೆಯಷ್ಟು ಸಡಿಲಿಸಿದ. ಕಿರುಚು ಇಳಿದು, ಊರಿಗೆಲ್ಲ ಗುರುತಿದ್ದ ಆ ತುಂಬಿದ ಸ್ವರ ಅಂಗಳವನ್ನು ತುಂಬಿತು. ಕಿಟಕಿಯಲ್ಲಿ ಮುಷ್ಟಿ ಮೂಡಿತು.

ಅನ್ನ ಬೇಯುವ ಮಾತು ವಾಸುವಿಗೆ ಆಗ ನೆನಪಾಯಿತು. ಅವನ ಕಣ್ಣು ತುಂಬಿತು. ಹೊಗೆಯೆಂದು ತೋಳಿನಿಂದ ಒರೆಸಿಕೊಂಡು, ಯಾರಿಗೂ ಏನೂ ಹೇಳದೆ ಮಿಶಿನನ್ನು ಮರದ ಬುಡಕ್ಕೆ ಒಯ್ದ.

"ಮಾವನ ಕಿವಿ ಅಳಿಯನಿಗೆ ಬಂದಿದೆ, ನೋಡಿ" ಎಂದರು ಹಯಗ್ರೀವ ರಾಯರು. ಪೊರ್ಬುಗಳು ಹೌದೆಂದು ತಲೆಯಾಡಿಸಿ, ಅಂಥ ಕಿವಿ ಇನ್ನು ಹುಟ್ಟುವುದಿಲ್ಲ ಎಂದರು. ಮರ ಅದುರಿದಾಗ ಮಾವಿನ ಮಿಡಿಗಳು ಪಟಪಟ ಉದುರಿ ಎಲ್ಲರ ಕಾಲ ಬಳಿ ಉರುಳಿದವು.

ಹೆಣ ಎತ್ತುವ ಮೊದಲು ಬಳೆ ತೆಗೆಯಬೇಕಿತ್ತು. ನೆರೆಮನೆಯ ವಸಂತಿ ಅಡುಗೆಮನೆಗೆ ಬಂದು, "ಹೊತ್ತಾಯಿತು ಅಕ್ಕ, ಕೈ ಕೊಡಿ" ಎಂದಳು. ಮೋಹಿನಿ ಎಡಗೈ ಚಾಚಿದಳು. ಆ ಬಳೆಗಳು ಸುಲಭವಾಗಿ ಇಳಿದವು. ಬಲಗೈ ಮುಷ್ಟಿ ಹಿಡಿದೇ ಇತ್ತು, ಬಳೆ ಗೆಣ್ಣಿನ ಬಳಿ ಸಿಕ್ಕಿಕೊಂಡವು. ಬೆರಳು ಬಿಡಿ ಅಕ್ಕ ಎಂದಳು ವಸಂತಿ. ಮೋಹಿನಿ ಬಿಡಲಿಲ್ಲ. ವಸಂತಿ ಅವಳ ಕೈ ಹಿಡಿದುಕೊಂಡೇ ಕಾದಳು.

ಹೊರಗೆ ಕೊನೆಯ ತುಂಡು ಬಿದ್ದು ಮಿಶಿನು ನಿಂತಿತು. ಮೋಹಿನಿ ಬೆರಳು ಬಿಡಿಸಿದಳು.